ಈಜು ಮೇಷ್ಟ್ರಿಗೆ ಸನ್ಮಾನ

"ಆ ಸನ್ಮಾನ ಯಾರಿಗೆ ಬೇಕೋ ಅವರೇ ಮಾಡಿಸ್ಕೊಳ್ಲಿ! ಕೊಳ ಮುಚ್ಚೋರ ಕೈಯಿಂದ ನಾನು ಫಲಕ ತಗೋಬೇಕಾ?"

ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯನ್ನು ಮೇಷ್ಟ್ರು ಕುರ್ಚಿಯ ಮೇಲೆ ಎಸೆದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೆಚ್ಚಿಬಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವರು ದನಿ ಏರಿಸಿದ್ದನ್ನು ಅವಳು ಕೇಳಿರಲೇ ಇಲ್ಲ.

ಊರಿಗೆಲ್ಲ ಅವರು ಈಜು ಮೇಷ್ಟ್ರು. ಬೆಳಕು ಹರಿಯುವ ಮುಂಚೆ ನಗರಸಭೆಯ ಈಜುಕೊಳದ ಬೀಗ ತೆಗೆದು, ಹೆದರಿ ಅಳುವ ಮಕ್ಕಳ ಹೊಟ್ಟೆಯಡಿಗೆ ಅಂಗೈ ಕೊಟ್ಟು, "ನಾನಿದ್ದೀನಿ, ಕಾಲು ಬಡಿ" ಎನ್ನುತ್ತಲೇ ಮುದುಕರಾದವರು. ಅದು ಯಾಕೆಂದು ಬಲ್ಲವಳು ಹೆಂಡತಿ. ಅವರ ಚೊಚ್ಚಲ ಮಗಳನ್ನು ಹೊಳೆ ನುಂಗಿತ್ತು. ದಡದಲ್ಲೇ ನಿಂತಿದ್ದ ಅಪ್ಪನಿಗೆ ಅಂದು ಈಜು ಬರುತ್ತಿರಲಿಲ್ಲ! ಆಮೇಲೆ ಹಟ ಹಿಡಿದು ಕಲಿತರು, ಊರ ಮಕ್ಕಳಿಗೆಲ್ಲ ಕಲಿಸಿದರು... ಎಷ್ಟು ಕಲಿಸಿದರೂ ಅವರ ಎದೆಯೊಳಗಿನ ಹೊಳೆ ಮಾತ್ರ ಇಳಿಯಲೇ ಇಲ್ಲ.

ಈಗ ಆ ಕೊಳಕ್ಕೆ ಮಣ್ಣು ತುಂಬಿಸಿ ಅಂಗಡಿ ಸಾಲು ಕಟ್ಟಬೇಕೆಂದು ನಗರಸಭೆ ತೀರ್ಮಾನಿಸಿತ್ತು. ತಾಯಂದಿರು ಗೇಟಿಗೆ ಅಡ್ಡ ಕೂತರು. ಅವರ ಬಾಯಿ ಮುಚ್ಚಿಸಲು ಅಧ್ಯಕ್ಷರಿಗೆ ತೋಚಿದ ಉಪಾಯವೇ ಈ ಸನ್ಮಾನ. ಮೇಷ್ಟ್ರೇ ವೇದಿಕೆ ಹತ್ತಿದ ಮೇಲೆ ಯಾರು ತುಟಿ ಬಿಚ್ಚುತ್ತಾರೆ? ಅವರನ್ನು ಕರೆತರುವ ಹೊಣೆ ಬಿದ್ದದ್ದು ನಗರಸಭೆಯ ಕಿರಿಯ ಎಂಜಿನಿಯರ್ ಮೇಲೆ. ಅವನು ಮೇಷ್ಟ್ರ ಮಗ. ಅಕ್ಕ ಹೋದ ಮೇಲೆ ಹುಟ್ಟಿದವನು.

"ಅಪ್ಪಾ, ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ನಿಮ್ಮಪ್ಪ ಬರದಿದ್ರೆ ನೀನೂ ಕೆಲಸಕ್ಕೆ ಬರಬೇಡ ಅಂದಿದ್ದಾರೆ ಅಧ್ಯಕ್ಷರು. ಇವಳಿಗೆ ಬೇರೆ ತುಂಬಿದ ತಿಂಗಳು..."

"ಅದಕ್ಕೆ ಅಪ್ಪನ್ನ ಮಾರ್ತೀಯೇನೋ?"

"ಮಾರ್ತಿಲ್ಲಪ್ಪಾ, ಬೇಡ್ತಿದೀನಿ! ಊರ ಮಕ್ಕಳನ್ನೆಲ್ಲ ಎತ್ತಿ ಹಿಡಿದ್ರಿ. ನಾನು ಮುಳುಗ್ತಾ ಇದ್ದೀನಿ... ಕಾಣ್ಸಲ್ವಾ?"

ಒಳಕೋಣೆಯ ಪರದೆಯ ಹಿಂದೆ ಸೊಸೆ ಬಿಕ್ಕಳಿಕೆ ನುಂಗುತ್ತಿದ್ದಳು. ಹೆಂಡತಿಗೆ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಗಂಡ ಹೇಳುವುದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಎದುರಿಗೆ ನಿಂತವನು ಹೆತ್ತ ಮಗ! ಅವಳು ಅಂಗಿ ಎತ್ತಿಕೊಂಡಳು, ಕೊಡವಿದಳು, ಗಂಡನ ಮುಂದೆ ಹಿಡಿದಳು.

"ಹೋಗಿ ಬನ್ನಿ ಅಂದ್ರೆ..."

"ನೀನೂನಾ?" ಮೇಷ್ಟ್ರ ದನಿ ಕುಸಿಯಿತು. "ನೀನು ಹೇಳಬಾರ್ದಿತ್ತು ಕಣೇ."

"ಹೋದೋಳು ಹೋದ್ಲು. ಇರೋನನ್ನಾದ್ರೂ ಉಳಿಸ್ಕೊಳ್ಳೋಣ ರೀ..."

ಆಡಿದ ಮಾತು ಅವಳ ನಾಲಿಗೆಯನ್ನೇ ಸುಟ್ಟಿತು. ಮೇಷ್ಟ್ರು ಅಂಗಿ ತೆಗೆದುಕೊಂಡರು, ತೋಳು ತೂರಿಸಿದರು. ಗುಂಡಿ ಅವಳೇ ಹಾಕಿದಳು.

ಸಭಾಂಗಣ ಕಿಕ್ಕಿರಿದಿತ್ತು. ಕೊಳದಲ್ಲಿ ಕೈಕಾಲು ಬಡಿದು ಬೆಳೆದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫಲಕ ಕೈಗಿಟ್ಟ ಅಧ್ಯಕ್ಷರು ಹಲ್ಲು ಕಿರಿದು, "ನಮ್ಮ ಹೊಸ ಯೋಜನೆಗೆ ಮೇಷ್ಟ್ರ ಆಶೀರ್ವಾದವೂ ಇದೆ!" ಎಂದು ಸಾರಿಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರು ಮುಖ ಮುಖ ನೋಡಿಕೊಂಡರು. ಅವರ ಹಿಂದೆ ಕೂತಿದ್ದ ಹೆಂಡತಿ ವೇದಿಕೆಯತ್ತ ಕತ್ತು ಚಾಚಿದಳು. ಮೇಷ್ಟ್ರು ಮೈಕಿನ ಮುಂದೆ ಬಂದರು, ಗೋಡೆಗೆ ಒರಗಿ ನಿಂತ ಮಗನನ್ನು ಹುಡುಕಿದರು.

"ನೀರಿನ ಹತ್ರ ಮಕ್ಕಳನ್ನ ಒಂಟಿಯಾಗಿ ಬಿಡಬೇಡಿ..." ಎಂದರು. ಫಲಕ ಹಿಡಿದೇ ಹಿಂದೆ ಸರಿದರು, ಕೂತುಬಿಟ್ಟರು.

ಎಂಥ ವಿನಯ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು!

ಹೊರಗೆ ಮೆಟ್ಟಿಲ ಬಳಿ ಒಬ್ಬ ತರುಣಿ ಪುಟ್ಟ ಮಗಳ ಕೈಹಿಡಿದು ಅಡ್ಡ ಬಂದಳು.

"ಮೇಷ್ಟ್ರೇ, ನಾನೂ ನಿಮ್ಮ ಹತ್ರಾನೇ ಕಲಿತೋಳು. ಇವಳಿಗೂ ಕಲಿಸ್ಬೇಕು. ಕೊಳ ಹೋದ್ರೂ ನೀವು ಬೇರೆ ಎಲ್ಲಾದ್ರೂ ಹೇಳ್ಕೊಡ್ತೀರಲ್ವಾ? ಎಲ್ಲಿಗೆ ಕಳಿಸ್ಲಿ?"

ಮೇಷ್ಟ್ರು ಮಗನತ್ತ ನೋಡಿದರು. ಮಗ ತಲೆ ತಗ್ಗಿಸಿದ. ಕೊಳ ಬಿಟ್ಟರೆ ಊರಿಗೆ ಉಳಿಯುವುದು ಮಗಳನ್ನು ನುಂಗಿದ ಆ ಹೊಳೆಯೊಂದೇ. ಅವರು ಮೊಣಕಾಲೂರಿ ಕೂತು ಆ ಕೂಸಿನ ಕೆನ್ನೆ ಸವರಿದರು.

"ಇನ್ನೊಂಚೂರು ದೊಡ್ಡವಳಾಗ್ಲಿ ತಾಯಿ... ನೋಡೋಣ."

ಅವರು ವಾಪಸ್ಸು ಕಳಿಸಿದ ಮೊದಲ ಮಗು ಅದು. ಗಂಡನ ರಟ್ಟೆ ಹಿಡಿದು ಮೇಲೆಬ್ಬಿಸುವಾಗ ಹೆಂಡತಿಗೆ ಅಳು ಒತ್ತರಿಸಿ ಬಂತು. ಮಾಡಿದ್ದು ತಾನು ಎಂದು ಅವಳಿಗೆ ಗೊತ್ತಿತ್ತು. ಅದೇ ಗಳಿಗೆ ಮತ್ತೆ ಬಂದರೂ ಅಂಗಿ ಹಿಡಿದು ಅದೇ ಮಾತನ್ನೇ ಆಡುತ್ತೇನೆಂಬುದೂ ಗೊತ್ತಿತ್ತು...