ಬಾಚಿದ ಮರಳು

ಬೇಸಿಗೆಯ ಮೊದಲ ವಾರ, ಬೆಳಗಿನ ಐದೂವರೆ ಹೊತ್ತು. ಮರಳು ಬಾಚುವ ಹಲುಬೆಯ ಹಲ್ಲಿನಲ್ಲಿ ಏನೋ ಮಿಣುಕಿತು. ಬಗ್ಗಿ ನೋಡಿದರೆ ಹಸಿರು ಹರಳಿನ ಒಂಟಿ ಓಲೆ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕುಕ್ಕರಿಸಿಬಿಟ್ಟ. ಒಂಬತ್ತನೇ ಕೋಣೆಯ ಹಾಸಿಗೆ ಹಾಸುತ್ತಿದ್ದ ಅವನ ಹೆಂಡತಿಯನ್ನು ಇದೇ ಓಲೆಗಾಗಿ ಮ್ಯಾನೇಜರ್ ಸಾಹೇಬರು ಅತಿಥಿಗಳೆದುರು ನಿಲ್ಲಿಸಿ ಚೀಲ ಕೊಡವಿಸಿದ್ದರು. ಅಂದಿನಿಂದ ಅವಳು ಹೊಸಿಲು ದಾಟಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಡಲಂಚಿನ ಆ ದುಬಾರಿ ರೆಸಾರ್ಟಿಗೆ ದೋಣಿಯಲ್ಲೇ ಬರಬೇಕು. ಅತಿಥಿಗಳು ಕಣ್ಣು ಬಿಡುವ ಮೊದಲು ದಂಡೆಯನ್ನೆಲ್ಲ ಗೆರೆ ಗೆರೆಯಾಗಿ ಬಾಚಿ, ಒಂದು ಹೆಜ್ಜೆಯೂ ಉಳಿಯದಂತೆ ಮಾಡುವುದು ಹತ್ತೊಂಬತ್ತು ವರ್ಷದಿಂದ ಅವನ ಕೆಲಸ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು, ಮ್ಯಾನೇಜರ್ ಸಾಹೇಬರೂ.

ಸಾಹೇಬರು ಅವನು ತಂದುಕೊಟ್ಟ ಓಲೆಯನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುವಿದರು.

“ಸಿಕ್ತಲ್ಲ, ಸರಿ. ಯಾರಿಗೂ ಹೇಳೋಕೆ ಹೋಗ್ಬೇಡ. ಕಳ್ಕೊಂಡೋರು ಊರಿಗೆ ಹೋಗಿ ತಿಂಗಳಾಯ್ತು.”

“ಒಂದ್ಸಲ ಮನೆಗೆ ಬಂದು, ನೀನು ಕದ್ದಿಲ್ಲಮ್ಮ ಅಂದ್ಬಿಡಿ ಸಾಹೇಬ್ರೆ. ನಾನು ಹೇಳಿದ್ರೆ ನಂಬಲ್ಲ. ಗಂಡ ಅಲ್ವಾ, ಸಮಾಧಾನಕ್ಕೆ ಹೇಳ್ತಾನೆ ಅಂತಾಳೆ.”

“ಬರ್ತೀನಿ ಅಣ್ಣ. ಈ ರಶ್ಶು ಮುಗೀಲಿ.”

ರಶ್ಶು ಮುಗಿಯಿತು. ಅದಕ್ಕೆ ಹನ್ನೊಂದು ದಿನ ಮುಂಚೆಯೇ ಅವಳು ಹೋಗಿಬಿಟ್ಟಿದ್ದಳು, ಗೋಡೆಯ ಕಡೆ ಮುಖ ಮಾಡಿಕೊಂಡು.

ಅವನು ಅವಸರ ಮಾಡಲಿಲ್ಲ. ಸಾಹೇಬರಿಗೆ ಈಜು ಅಷ್ಟಕ್ಕಷ್ಟೇ. ದಿನಾ ನಸುಕಿನಲ್ಲಿ ದಂಡೆಯ ಕಂಬದ ಬುಡದಲ್ಲಿ ಚಪ್ಪಲಿ ಬಿಟ್ಟು, ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದು ತೇಲುವ ಪೀಪಾಯಿಯವರೆಗೆ ಹೋಗಿ, ಅದನ್ನು ತಬ್ಬಿಕೊಂಡು ಒಂದಿಷ್ಟು ಹೊತ್ತು ಆಡಿ ಬರುತ್ತಿದ್ದರು. ಪೀಪಾಯಿಯನ್ನು ಹಿಡಿದಿಟ್ಟದ್ದು ಆ ಹಗ್ಗವೊಂದೇ. ಒಂದು ತಿಂಗಳು ಅವನು ಅದನ್ನು ದಿನಕ್ಕಿಷ್ಟೆಂದು ಚಿಪ್ಪಿನ ಅಂಚಿಗೆ ಉಜ್ಜಿದ, ತಾನಾಗಿಯೇ ಸವೆದಂತೆ ಕಾಣಲೆಂದು. ಇಳಿತ ಜೋರಿರುವ ಗುರುವಾರವನ್ನು ನೋಡಿಟ್ಟುಕೊಂಡು, ಬುಧವಾರದಿಂದ ಎರಡು ದಿನ ರಜೆ ಕೇಳಿದ.

“ಹೋಗಿ ಬಾ. ಇರೋದೇ ಮೂರು ಜನ ಗೆಸ್ಟು. ಮರಳು ಎರಡು ದಿನ ತಲೆ ಕೆದರ್ಕೊಂಡಿರ್ಲಿ ಬಿಡು,” ಎಂದು ಸಾಹೇಬರು ನಕ್ಕರು.

ಅವನು ಎಲ್ಲರಿಗೂ ಕಾಣುವಂತೆ ದೋಣಿ ಹತ್ತಿ ಆಚೆ ದಡದ ಅಕ್ಕನ ಮನೆಗೆ ಹೋದ. ಗುರುವಾರ ಅಕ್ಕ ಏಳುವ ಮುಂಚೆ, ಜೋರು ಇಳಿತದ ದಿನವಷ್ಟೇ ಕಾಲಿಗೆ ಸಿಗುವ ಮರಳದಿಬ್ಬದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದು, ಗಾಳಿಮರಗಳ ಮರೆಯಲ್ಲಿ ಕೂತ.

ಸಾಹೇಬರು ಬಂದರು, ಚಪ್ಪಲಿ ಬಿಟ್ಟರು, ಪೀಪಾಯಿ ತಬ್ಬಿದರು. ಅವನು ಹೋಗಿ ಹಗ್ಗವನ್ನು ಒಮ್ಮೆ ಜಗ್ಗಿದ. ಅಷ್ಟೇ ಸಾಕಾಯಿತು. ಇಳಿಯುವ ನೀರು ಪೀಪಾಯಿಯನ್ನೂ ಸಾಹೇಬರನ್ನೂ ಒಟ್ಟಿಗೇ ಎಳೆದುಕೊಂಡಿತು. “ಅಣ್ಣಾ,” ಎಂದು ಅವರು ಎರಡು ಸಲ ಕೂಗಿದರು. ಆ ಹೊತ್ತಿಗೆ ದಂಡೆಯಲ್ಲಿರುವವನು ದಿನಾ ಅವನೊಬ್ಬನೇ. ರಜೆಯೆಂಬುದು ಅವರಿಗೆ ಮರೆತುಹೋಗಿತ್ತು. ಬಂಡೆಗಳಾಚೆ ಅಲೆ ಒಡೆಯುವಲ್ಲಿ ಪೀಪಾಯಿಯೊಂದೇ ಮೇಲೆದ್ದಿತು.

ಅವನಿಗೆ ಸಂತೋಷವಾಗಲಿಲ್ಲ. ಕಂಬದಿಂದ ಗಾಳಿಮರದವರೆಗೆ ತನ್ನ ಹೆಜ್ಜೆ ಅಳಿಸುವುದೊಂದು ಬಾಕಿಯಿತ್ತು. ಹಲುಬೆ ಅದರ ಜಾಗದಲ್ಲೇ ಇತ್ತು. ಎಳೆಯತೊಡಗಿದ. ಎಳೆಯುತ್ತ ಅವಳ ನೆನಪಾಯಿತು. ಒಂಬತ್ತನೇ ಕೋಣೆಯ ಕಿಟಕಿಯಿಂದ ಇಣುಕಿ, “ಅಲ್ಲೊಂದು ಗೆರೆ ಸೊಟ್ಟ ಬಂತು, ನಿಮ್ಮ ಮೂಗಿನ ಹಾಗೆ,” ಎಂದು ಛೇಡಿಸುತ್ತಿದ್ದಳು. ನೆನಪಿನಿಂದ ಹೊರಬರುವಷ್ಟರಲ್ಲಿ ದಂಡೆ ಮುಗಿದು ಕಲ್ಲಿನ ಮೆಟ್ಟಿಲು ಬಂದಿತ್ತು. ಒಂದು ಗೆರೆಯೂ ಸೊಟ್ಟ ಇರಲಿಲ್ಲ. ಹಲುಬೆ ಒರಗಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದ ದಾರಿಯಲ್ಲೇ ಹೊರಟುಹೋದ.

ಮಧ್ಯಾಹ್ನ ಇನ್ಸ್‌ಪೆಕ್ಟರಮ್ಮ ಅಕ್ಕನ ಮನೆಗೆ ಬಂದು ನೀರು ಕೇಳಿ ಕುಡಿದರು. “ನಿಮ್ಮ ಸಾಹೇಬ್ರ ಚಪ್ಪಲಿ ಕಂಬದ ಹತ್ರ ಇದೆ. ಅಲ್ಲೀವರೆಗೆ ಅವರು ನಡೆದು ಹೋದ ಹೆಜ್ಜೆ ಒಂದೂ ಇಲ್ಲ. ದಂಡೆ ಪೂರ್ತಿ ಬಾಚಿದ ತಲೆ ಥರ ಇದೆ,” ಎಂದರು. ಲೋಟ ಕೆಳಗಿಟ್ಟು, ಮೆಲ್ಲಗೆ, “ಅಣ್ಣ, ರಜೇಲೂ ಕೆಲಸ ಬಿಡೋಕಾಗ್ಲಿಲ್ವಾ?” ಅವನು ಸಾಹೇಬರ ಖಾನೆಯಲ್ಲಿರುವ ಓಲೆಯ ಕತೆಯನ್ನಷ್ಟೇ ಹೇಳಿ, ತನ್ನ ಹೆಂಡತಿ ಕದ್ದಿಲ್ಲ ಎಂದ. “ಅದನ್ನ ಹೇಳೋರು ಬೇರೆ ಯಾರಿದ್ದಾರೆ?” ಎಂದು ಅವರು ಕೇಳಿದರು. ಗೊತ್ತಿದ್ದವರು ಇಬ್ಬರೇ. ಒಬ್ಬರು ಬೆಳಿಗ್ಗೆಯೇ ಹೋಗಿದ್ದರು. ಇನ್ನೊಬ್ಬ ಅದೇ ಗುರುವಾರ, ಇನ್ಸ್‌ಪೆಕ್ಟರಮ್ಮನ ಜೊತೆ ಮೂರು ಗಂಟೆಯ ದೋಣಿಯಲ್ಲಿ ಹೋದ.