ಪಾಸ್‌ವರ್ಡ್ ಮನೆಮಂದಿಗೆಲ್ಲ ಗೊತ್ತಿತ್ತು

"ನನ್ನ ಹೆಸರಿಲೆ ಮೆಸೇಜ್ ಕಳಿಸಾಕ ನಿಮಗ ಯಾರು ಹೇಳಿದ್ರು?"

ಭಾಗ್ಯಶ್ರೀ ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಚಹಾ ಹಿಡಿದು ಬರುತ್ತಿದ್ದ ಬಸವಕಿರಣ ಹಾಗೇ ನಿಂತುಬಿಟ್ಟ.

ಅದು ೨೦೦೯ನೇ ಇಸವಿ. ಗೋಪನಕೊಪ್ಪದಲ್ಲಿ ಯಜ್ಞೇಶ್ವರ ಎಂಬುವವರು ನಡೆಸುತ್ತಿದ್ದ ವಧು-ವರರ ವೆಬ್‌ಸೈಟಿನ ಆಫೀಸು. ಭಾಗ್ಯಶ್ರೀ ಅಲ್ಲಿ ಹುಡುಗ-ಹುಡುಗಿಯರ ಮಾಹಿತಿ ತುಂಬುವವಳು. ಬಸವಕಿರಣ ಆ ಹಳೇ ವೆಬ್‌ಸೈಟಿಗೆ ಎರಡನೇ ಬೀಗ ಹಾಕಲು ಬಂದವನು. ಪಾಸ್‌ವರ್ಡ್ ಒತ್ತಿದ ಮೇಲೆ ಮೊಬೈಲಿಗೆ ಆರು ಅಂಕಿಯ ನಂಬರು ಬರಬೇಕು, ಅದನ್ನೂ ಒತ್ತಿದರಷ್ಟೇ ಖಾತೆ ತೆರೆಯಬೇಕು. ಎದುರುಬದುರು ಕೂತು ಕೆಲಸ ಮಾಡುತ್ತ ನಮ್ಮ ಹುಡುಗಿ ಮನಸ್ಸನ್ನು ಎಲ್ಲಿ ಇಟ್ಟಳು ಅಂತ ಬೇರೆ ಹೇಳಬೇಕೇ?

ಆದರೆ ಮನೆಯಲ್ಲಿ ಗದಗಿನ ಗಂಡು ನೋಡಿದ್ದರು. ಓಣಿಯ ಹಿರಿಯ ಮಹಾಂತಯ್ಯನವರು ಮುಂದೆ ನಿಂತ ಸಂಬಂಧ. ನಿನ್ನೆ ಆ ಗಂಡಿಗೆ ಭಾಗ್ಯಶ್ರೀಯ ಖಾತೆಯಿಂದಲೇ ಉತ್ತರ ಹೋಗಿತ್ತು. 'ನನಗೆ ಈ ಮದುವೆ ಬೇಡ, ಕ್ಷಮಿಸಿ' ಅಂತ. ಅವಳು ಬರೆದದ್ದೇ ಅಲ್ಲ! ಗಂಡಿನವರು ಮಹಾಂತಯ್ಯನವರಿಗೆ ಬಾಯಿಗೆ ಬಂದಂತೆ ಅಂದಿದ್ದರು. ಮನೆಯಲ್ಲಿ ಅವ್ವನ ಅಳು ಇನ್ನೂ ನಿಂತಿರಲಿಲ್ಲ.

"ಇಡೀ ವೆಬ್‌ಸೈಟು ನಿಮ್ಮ ಕೈಯಾಗ ಐತಿ," ಭಾಗ್ಯಶ್ರೀ ಬಿಡಲಿಲ್ಲ. "ಆ ಹುಡುಗ ನಿಮಗ ತಕ್ಕಾಂವ ಅಲ್ಲ ಅಂತ ಮೊನ್ನೆ ನೀವ ಅಂದ್ರಿ. ಮತ್ಯಾರು ಮಾಡ್ತಾರ ಇಂಥಾ ಕೆಲಸ? ನಾಚಿಕಿ ಆಗ್ಬೇಕು ನಿಮಗ."

"ನಾನು ಕಳಿಸಿಲ್ರಿ."

"ಹಂಗಾರ ಯಾರು ಕಳಿಸ್ಯಾರ?"

ಅವನು ಚಹಾದ ಲೋಟವನ್ನು ಅವಳ ಮೇಜಿನ ಮೇಲಿಟ್ಟು ತನ್ನ ಕುರ್ಚಿಗೆ ಹೋದ.

ಯಜ್ಞೇಶ್ವರರು ಒಳಗಿನಿಂದ ಬಂದರು. ಈ ಮಾತು ಊರಲ್ಲಿ ಹಬ್ಬಿದರೆ ಅವರಿಗೆ ಯಾರು ಹೆಣ್ಣುಮಕ್ಕಳ ಫೋಟೋ ಕೊಡುತ್ತಾರೆ? "ಅರ್ಧಕ್ಕ ಬಿಟ್ರ ವೆಬ್‌ಸೈಟು ನಿಂತುಬಿಡ್ತೈತಿ. ಮುಗಿಸಿ ಶನಿವಾರ ಹೊಂಡ್ರಿ. ಮತ್ತ ಈ ಕಡೆ ಬರಬ್ಯಾಡ್ರಿ," ಎಂದರು.

ಅವನು ತಲೆ ತಗ್ಗಿಸಿ ಕೆಲಸ ಮುಗಿಸಿದ. ಭಾಗ್ಯಶ್ರೀ ಅತ್ತ ನೋಡಲೇ ಇಲ್ಲ. ನೋಡಿದರೆ ಅಳು ಬಂದೀತು ಎಂಬ ಹೆದರಿಕೆ ಅವಳಿಗೆ.

ಶನಿವಾರ ಮಧ್ಯಾಹ್ನ ಹೊಸ ಬೀಗ ಶುರುವಾಯಿತು. ಅವನು ಬ್ಯಾಗು ಹೆಗಲಿಗೇರಿಸಿ ಹೋದ ಸ್ವಲ್ಪ ಹೊತ್ತಿಗೆ ಅವಳ ಮೊಬೈಲಿಗೆ ಆರು ಅಂಕಿಯ ನಂಬರು ಬಂತು. ನಾನಂತೂ ಏನೂ ಒತ್ತಿಲ್ಲ... ಯಾರೋ ನನ್ನ ಖಾತೆ ತೆಗೆಯುತ್ತಿದ್ದಾರೆ!

ಅದರ ಹಿಂದೆಯೇ ಫೋನು. ಅಪ್ಪ ದ್ಯಾಮಣ್ಣ.

"ಭಾಗಿ, ನಿನ್ನ ಮೊಬೈಲಿಗೆ ಏನೋ ನಂಬರ್ ಬಂದೈತಂತಲ್ಲ, ಲಗೂ ಹೇಳವಾ. ನಮ್ಮ ಓಣಿ ಉಸ್ಮಾನಸಾಬರ ಸೈಬರ್ ಅಂಗಡ್ಯಾಗ ಕುಂತೇನಿ. ಇವತ್ತ ಒಳಗ ಬಿಡವಲ್ದು ಇದು."

"ಅಪ್ಪಾ... ಅವತ್ತು ಬರದಾಂವನೂ ನೀನ ಏನು?"

ಅಪ್ಪನ ದನಿ ಮೆತ್ತಗಾಯಿತು.

"ಆ ಗದಗಿನ ಹುಡುಗನ ಸುದ್ದಿ ತೆಗದಾಗೆಲ್ಲ ನಿನ್ನ ಮಾರಿ ಸಣ್ಣ ಆಗ್ತಿತ್ತವಾ. ಮಹಾಂತಯ್ಯನೋರ ಮುಂದ ಒಲ್ಲೆ ಅನ್ನಾಕ ನನಗ ಬಾಯಿ ಬರ್ಲಿಲ್ಲ. ನಿನ್ನ ಹೆಸರಿಲೆ ಬರದುಬಿಟ್ಟೆ. ಈಗ ಗಂಡಿನೋರಿಗೆ ತಪ್ಪಾತ್ರಿ ಅಂತ ಬರಿಬೇಕಂತ ಬಂದೇನಿ."

ಭಾಗ್ಯಶ್ರೀ ಫೋನು ಇಟ್ಟಳು. ಪಾಸ್‌ವರ್ಡ್ ಕೊಟ್ಟವಳು ಅವಳೇ! ಗಂಡುಗಳ ಫೋಟೋ ಬಂದರೆ ಮನೆಮಂದಿಯೆಲ್ಲ ನೋಡಬೇಕಲ್ಲ, ಅದಕ್ಕೆ ಅಪ್ಪನಿಗೆ, ಅವ್ವನಿಗೆ, ಸೋದರತ್ತೆಗೆ ಎಲ್ಲರಿಗೂ ಕೊಟ್ಟಿದ್ದಳು. ಅಷ್ಟು ಮಂದಿಗೆ ಕೊಟ್ಟು, ಪರರ ಮಗನನ್ನು ಕಳ್ಳನ ಹಾಗೆ ನಿಲ್ಲಿಸಿದಳಲ್ಲ... ನಾಚಿಕೆಯಿಂದ ಮೈಯೆಲ್ಲ ಸುಟ್ಟಂತಾಯಿತು.

ಅವಳು ಎದ್ದು ಎಲ್ಲರ ನಡುವೆ ನಿಂತಳು.

"ಸರ್, ಬಸವಕಿರಣ ಅವರದು ಏನೂ ತಪ್ಪಿಲ್ರಿ. ನಮ್ಮ ಮನ್ಯಾಗಿಂದನ ಹೋಗಿದ್ದು ಅದು. ನಾನು ಸುಳ್ಳ ಅವರ ಮರ್ಯಾದಿ ಕಳದೆ."

ಯಜ್ಞೇಶ್ವರರು ಏನಂದರೋ ಅವಳಿಗೆ ಕೇಳಿಸಲಿಲ್ಲ. ಆಗಲೇ ಚೀಲ ಹಿಡಿದು ರಸ್ತೆಗಿಳಿದಿದ್ದಳು.

ಬಸ್‌ಸ್ಟಾಪಿನಲ್ಲಿ ಅವನು ಒಬ್ಬನೇ ನಿಂತಿದ್ದ. ಅವಳು ಏದುಸಿರಿನಲ್ಲೇ ಎಲ್ಲ ಹೇಳಿದಳು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಉಸ್ಮಾನಸಾಬರಿಗೆ ನೆಟ್ ಹಾಕಿಕೊಟ್ಟಾಂವ ನಾನರಿ. ಅವತ್ತ ಮುಂಜಾನಿ ಆಫೀಸಿನ ಸಾಹೇಬ್ರು ದೂರು ಬಂದೈತಿ ಅಂದ ಕೂಡ್ಲೆ ವೆಬ್‌ಸೈಟಿನ ದಾಖಲೆ ನೋಡ್ದೆ, ಮೆಸೇಜ್ ಉಸ್ಮಾನಸಾಬರ ಅಂಗಡಿ ಕಂಪ್ಯೂಟರಿನಿಂದ ಹೋಗಿತ್ತು. ಫೋನ್ ಮಾಡಿ ಕೇಳಿದ್ರ, ದ್ಯಾಮಣ್ಣನೋರು ಬಂದಿದ್ರು ಅಂದ್ರು."

"ಹೇಳಬಾರದಾಗಿತ್ತೇನ್ರಿ? ಸುಮ್ಮನ ಬೈಸ್ಕೊಂಡ್ರಿ!"

"ಅಷ್ಟು ಮಂದಿ ಮುಂದ ನಿಮ್ಮ ಅಪ್ಪನ ಹೆಸರು ಹ್ಯಾಂಗ ತೆಗೀಲ್ರಿ? ನಾನಾದ್ರ ಇನ್ನೊಂದು ಊರಾಗ ಕೆಲಸ ಹುಡುಕ್ತೇನಿ. ಅವರು ಅದ ಓಣ್ಯಾಗ ತಿರುಗಾಡಬೇಕಲ್ರಿ."

ಭಾಗ್ಯಶ್ರೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಂಥವನಿಗೆ 'ನಾಚಿಕಿ ಆಗ್ಬೇಕು' ಅಂದ ಬಾಯಿ ತನ್ನದು... ದೇವರೇ, ಎಲ್ಲಿ ಹೋಗಿ ಬೀಳಲಿ?

"ತಪ್ಪಾತ್ರಿ..." ಅವಳು ಸೆರಗು ಸರಿಸಿದಳು. "ಇನ್ನೊಂದು ಮಾತ್ರಿ. ಅಪ್ಪ ಬರದದ್ದು ಸುಳ್ಳಲ್ಲ. ಕೈ ಅವಂದು, ಮಾತು ನಂದ."

ಬಸ್ಸು ಬಂತು. ಅವನು ಹತ್ತಲಿಲ್ಲ.

"ಆ ಗಂಡು ಯಾಕ ಬ್ಯಾಡಾದ?"

"ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ ಅನ್ಕೊಂಡೇನಿ. ನಿಮ್ಮ ಬಾಯಿಲೆ ಕೇಳಬೇಕು."

ಅವಳು ನೆಲ ನೋಡುತ್ತಲೇ ಅಂದಳು, "ನೀವು ಇದ್ರಲ್ರಿ... ಅದಕ್ಕ."

ಅವನು ಕೇಳಿದ, "ಅಪ್ಪ ಎಲ್ಲಿದ್ದಾರ ಈಗ?"

"ಅಲ್ಲೇ ಸೈಬರ್‌ನ್ಯಾಗ ಕುಂತಿರ್ತಾನ್ರಿ. ಮಗಳಿಗೆ ಮಾರಿ ಹ್ಯಾಂಗ ತೋರಿಸ್ಲಿ ಅಂತ. ಒಲ್ಲೆ ಅಂತ ನಾನ ಹೇಳಬೇಕಾಗಿತ್ತು, ನನಗೂ ಅವನ ಮುಂದ ಹೋಗಾಕ ಮಾರಿ ಇಲ್ಲ."

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ.

"ನಡೀರಿ. ಜೋಡೀಲೆ ಹೋಗೂಣು."