ಡ್ರಾಯರಿನಲ್ಲಿದ್ದ ಬೆನ್ನು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪೊಲೀಸರು ಬಿಟ್ಟು ಕಳಿಸಿದ ಹುಡುಗನೊಬ್ಬನನ್ನು ಅವನ ಅಕ್ಕ ನೇರವಾಗಿ ನನ್ನ ಸ್ಟುಡಿಯೋಗೆ ಕರೆತಂದಳು.

"ಬೆನ್ನಿಂದು ಒಂದು ಫೋಟೋ ತೆಗೀರಿ ಅಣ್ಣ, ಕೋರ್ಟಿಗೆ ಬೇಕು."

ಬೆನ್ನ ತುಂಬ ಬಾಸುಂಡೆ. ಮೊಡವೆ, ಮಚ್ಚೆ ಕಂಡರೆ ಬ್ರಷ್ ಹಿಡಿದು ಮುಚ್ಚುವುದು ನನ್ನ ಕಸುಬು. ಆ ಫೋಟೋವನ್ನು ಮಾತ್ರ ತಿದ್ದಲಿಲ್ಲ. ಸಂಜೆ ಪೊಲೀಸರು ಅವನನ್ನು ಮತ್ತೆ ಎಳೆದೊಯ್ದರು. ಅಕ್ಕ ಠಾಣೆಗೆ ಹೋಗಿ ಕೇಳಿದರೆ ಅಂಥವನು ಇಲ್ಲಿಗೆ ಬಂದೇ ಇಲ್ಲ ಎಂದರು.

ವಾರದ ಮೇಲೆ ಡ್ರಾಯರಿನಿಂದ ಫೋಟೋ ತೆಗೆದರೆ ಕಾಗದ ಜ್ವರದ ಮೈಯಂತೆ ಬೆಚ್ಚಗಿತ್ತು. ಹಳೆಯ ಬಾಸುಂಡೆಗಳು ಮಾಸಿ, ಪಕ್ಕೆಯ ಮೇಲೆ ಹೊಸತೊಂದು ಎದ್ದಿತ್ತು. ಮುಚ್ಚಿಡಲಾಗದೆ ಅಕ್ಕನಿಗೆ ತೋರಿಸಿದೆ. ಅವಳು ಅಳಲಿಲ್ಲ.

"ಹೊಡೀತಿದಾರೆ ಅಂದ್ರೆ ಜೀವ ಇದೆ, ಅಲ್ವಾ ಅಣ್ಣ?"

ಅಂದಿನಿಂದ ವಾರವಾರ ಬರುತ್ತಾಳೆ. ಹೊಸ ಗಾಯ ಹುಡುಕಿ, ಸಿಕ್ಕರೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾಳೆ.

ಇವತ್ತು ಡ್ರಾಯರ್ ತೆಗೆದೆ. ಬೆನ್ನು ಎಳೆಮಗುವಿನದರಂತೆ ನುಣ್ಣಗಿದೆ, ಒಂದು ಕಲೆಯೂ ಇಲ್ಲ. ಅಳಿಸಿದವನು ನಾನಲ್ಲ. ಕಾಗದ ಬೆಚ್ಚಗಿದೆಯೋ, ನನ್ನ ಕೈಯೇ ಬೆಚ್ಚಗಿದೆಯೋ ತಿಳಿಯುತ್ತಿಲ್ಲ.

ಅಕ್ಕ ಮೆಟ್ಟಿಲು ಹತ್ತುತ್ತಿದ್ದಾಳೆ. ಬಾಸುಂಡೆಯ ಬಣ್ಣ ಅದ್ದಿದ ಬ್ರಷ್ ನನ್ನ ಕೈಯಲ್ಲಿದೆ.